ಆರು ಫೋಟೋ, ಒಂದು ಕೋಳಿ ಕೂಗು

ನನಗೊಂದು ಕೆಟ್ಟ ಚಾಳಿಯಿದೆ. ಎದುರಿಗೆ ಯಾರೇ ಬರಲಿ, ಎರಡು ನಿಮಿಷದಲ್ಲಿ ಅವರ ದನಿ ನನ್ನ ಗಂಟಲಿಗೆ ಬಾಡಿಗೆಗೆ ಬಂದುಬಿಡುತ್ತದೆ. ಹರಪನಹಳ್ಳಿ ಬಸ್ಸಿನ ಕಂಡಕ್ಟರ್, ಗಣಿತದ ಮೇಷ್ಟ್ರು, ಸೀನಿದರೆ ಇಡೀ ಓಣಿಯನ್ನೇ ಎಬ್ಬಿಸುವ ನಮ್ಮಪ್ಪ, ಎಲ್ಲರೂ ಅಲ್ಲಿ ಸುಖವಾಗಿದ್ದಾರೆ. ಜಾಗ ಸಾಲದೆ ಹೊರಗೆ ನಿಂತವನು ಮಾತ್ರ ನಾನೇ.

ಇದು ಗೊತ್ತಾದದ್ದು ಕ್ಯಾಮೆರಾದ ದೆಸೆಯಿಂದ. ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ, ನಮ್ಮೂರು ಕೊಟ್ಟೂರಿನ ಶಾಲೆಯೊಂದರಲ್ಲಿ ನಮ್ಮಂಥ ಮೀಸೆ ಮೂಡದ ಮಹನೀಯರಿಗಾಗಿ ಫೋಟೋ ಶಿಬಿರ ನಡೆಯಿತು. ಇನ್ನೂ ರೀಲಿನ ಕಾಲ. ಒಂದೇ ಕ್ಯಾಮೆರಾ, ಮೂವತ್ತಾರು ಫೋಟೋದ ಒಂದೇ ರೀಲು, ಆರು ಜನ, ತಲೆಗೆ ಆರು. "ಕೊನೀ ದಿನ ನಿಮ್ಮ ಒಂದು ಫೋಟೋದ ಪಕ್ಕ ನಿಂತು, ಎಲ್ಲರ ಮುಂದ ಎರಡು ಮಾತು ಹೇಳಬೇಕು" ಎಂದರು ಶಿಬಿರದ ಸರ್. ನಮಗೆ ಧೈರ್ಯ ಬರಲಿ ಎಂಬುದು ಅವರ ಆಸೆ. ನನ್ನಲ್ಲಿ ಅದು ಹಂಚುವಷ್ಟಿತ್ತು.

ಮೊದಲ ದಿನ ಹೆಸರು ಹೇಳಲು ಪಕ್ಕದ ಓಣಿಯ ಕೊಟ್ರೇಶ ಎದ್ದ. ಅವನಿಗೆ ಮಾತು ತೊದಲುತ್ತಿತ್ತು. "ಕೊ... ಕೊ..." ಎಂದು ನಿಂತ. ನಾನು ಹಿಂದಿನ ಬೆಂಚಿನಿಂದ ಕೋಳಿಯ ಹಾಗೆ ಕೂಗಿದೆ. ಎಂಥ ಕೋಳಿ ಎಂದರೆ, ಶಾಲೆಯ ಹಿತ್ತಲಿನಿಂದ ನಿಜವಾದದ್ದೊಂದು ಉತ್ತರ ಕೊಟ್ಟಿತು! ಎಲ್ಲರೂ ನಕ್ಕರು. ಕೊಟ್ರೇಶ ಹೆಸರು ಮುಗಿಸದೆ ಕುಳಿತ.

ಕ್ಯಾಮೆರಾ ಕಂಡರೆ ನಮ್ಮೂರಿನವರು ಉಸಿರು ಬಿಗಿಹಿಡಿಯುತ್ತಾರೆ. "ಇದ್ದಂಗ ಇರ್ರಿ" ಎಂದರೆ ಮಿರ್ಚಿ ಬಜ್ಜಿ ಅಂಗಡಿಯ ಕಾಕಾ "ತಡೀಲೇ" ಎಂದು ಒಳಗೆ ಹೋಗಿ, ಪೌಡರು ಬಳಿದುಕೊಂಡು, ಟಿವಿ ಮೇಲಿನ ಪ್ಲಾಸ್ಟಿಕ್ ಹೂದಾನಿ ತಂದು ಬಾಣಲೆಯ ಪಕ್ಕ ಇಟ್ಟು ನಿಂತ. ಅಷ್ಟರಲ್ಲಿ ಮಿರ್ಚಿ ಸೀದಿದ್ದವು. ನಾನೊಂದು ಉಪಾಯ ಮಾಡಿದೆ. ಊರ ದೇವರ ಹೆಸರಾದ್ದರಿಂದ ಕೊಟ್ಟೂರಿನಲ್ಲಿ ಮನೆಗೊಬ್ಬ ಕೊಟ್ರೇಶ ಇರುತ್ತಾನೆ. ಬಜಾರದ ನಡುವೆ ನಿಂತು ಮುದುಕನ ದನಿಯಲ್ಲಿ "ಲೇ ಕೊಟ್ರೇಶಾ!" ಎಂದೆ. ಹತ್ತು ತಲೆ ತಿರುಗಿದವು, ಗುಂಡಿ ಒತ್ತಿದೆ. ಆರು ಸಲ ಕೂಗಿದೆ, ಆರು ಸಲ ನಕ್ಕೆ. ನಗುವಾಗ ಕೈ ಅಲುಗುತ್ತದೆ ಎಂಬ ವಿದ್ಯೆ ರೀಲು ತೊಳೆದು, ಆರೂ ಮಸುಕಾಗಿ ಬಂದ ಮೇಲೆ ಪ್ರಾಪ್ತವಾಯಿತು.

ನಮ್ಮ ಕೊಟ್ರೇಶ ಯಾರನ್ನೂ ಕೂಗುತ್ತಿರಲಿಲ್ಲ. ಕ್ಯಾಮೆರಾ ಹಿಡಿದು ಸುಮ್ಮನೆ ಕಾಯುತ್ತಿದ್ದ. ಉಸಿರು ಬಿಗಿಹಿಡಿದವರು ಬೇಸತ್ತು ಅದನ್ನು ಬಿಟ್ಟಾಗ ಒತ್ತುತ್ತಿದ್ದ.

ಐದನೆಯ ದಿನ ಸರ್ ನನ್ನನ್ನು ಕರೆದರು. "ಕೊಟ್ರೇಶ ಕೊನೀ ದಿನ ಬರಂಗಿಲ್ಲ ಅಂತಾನ. ನಿನ್ನ ಕೋಳಿ ನನಗೂ ಕೇಳಿಸಿತ್ತಪ್ಪ" ಎಂದರು, ಅಷ್ಟೇ.

ಮಿರ್ಚಿ ಅಂಗಡಿಯ ಬೆಂಚಿನ ಮೇಲೆ ಕುಳಿತೆ. ತಪ್ಪಾಯಿತು ಎನ್ನಬೇಕು, ಆದರೆ ಯಾರ ದನಿಯಲ್ಲಿ? ಮನಸ್ಸಿನಲ್ಲೇ ಸರ್ ದನಿಯಲ್ಲಿ ಹೇಳಿ ನೋಡಿದೆ, ಉಪದೇಶವಾಯಿತು. ಅಪ್ಪನದರಲ್ಲಿ ಬೆದರಿಕೆಯಾಯಿತು. ಕಂಡಕ್ಟರನದಂತೂ ಟಿಕೆಟ್ ಕೇಳಿದ ಹಾಗಿತ್ತು. ಕಾಗದದಲ್ಲಿದ್ದ ಮಂಡಕ್ಕಿ ಮೆತ್ತಗಾಗುತ್ತಿತ್ತು. ಆಗ ಎದುರಿಗೆ ಸಣ್ಣದೊಂದು ಸದ್ದಾಯಿತು: ಕ್ಲಿಕ್. ಕೊಟ್ರೇಶ ಕ್ಯಾಮೆರಾ ಇಳಿಸಿ ನಡೆದ.

ಕೊನೆಯ ದಿನ ಅವನು ಬಂದ. ಅವನು ಆರಿಸಿದ್ದು ಬೆಂಚಿನ ಮೇಲೆ ಕುಳಿತ ನನ್ನ ಆ ಫೋಟೋವನ್ನೇ. ನೋಡಲು ಬಂದಿದ್ದ ನಮ್ಮವ್ವ "ಯಾರ ಹುಡುಗನೋ, ಪಾಪ" ಎಂದಳು.

ಕೊಟ್ರೇಶ ಅದರ ಪಕ್ಕ ನಿಂತ. "ಇ... ಇವ ಎಲ್ಲಾರಂಗ ಮಾತಾಡ್ತಾನ್ರಿ. ತಾ... ತಾನು ಹೆಂಗ ಅದಾನ ಅಂತ ನೋಡಾಕ ಐ... ಐದು ದಿನ ಕಾದೆ. ಇದನ್ನ ನಾ... ನಾನೇ ಹೇಳಬೇಕಂತ ಬಂದೆ." ಸಭೆ ನಕ್ಕಿತು. ಈ ಸಲ ನಗು ಸರಿಯಾದ ವಿಳಾಸಕ್ಕೇ ತಲುಪಿತು. ಕೋಳಿ ಮಾತ್ರ ಕೂಗಲಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ಅವನನ್ನು ನಿಲ್ಲಿಸಿ, "ತಪ್ಪಾತಲೇ" ಎಂದೆ. ಬಂದದ್ದು ಒಡೆದ, ಕೀರಲು ದನಿ. ನನ್ನ ಸಂಗ್ರಹದಲ್ಲಿ ಅಂಥದ್ದು ಇರಲೇ ಇಲ್ಲ.

ಕೊಟ್ರೇಶ ಕಣ್ಣರಳಿಸಿದ. "ಇ... ಇದು ಯಾರ ದನಿಲೇ?"

ಆಗ ನನಗೂ ಗೊತ್ತಿರಲಿಲ್ಲ. ಈಗ ಗೊತ್ತು, ಅಭ್ಯಾಸವನ್ನೂ ಮಾಡುತ್ತಿದ್ದೇನೆ. ಕಂಡಕ್ಟರನದಷ್ಟು ಚೆನ್ನಾಗಿ ಇನ್ನೂ ಬರುತ್ತಿಲ್ಲ.