ಸಿಸ್ಟರಮ್ಮ ಕೇಳಿದ್ದು, ನಾನು ಒಪ್ಪಿಸಿದ್ದು

ಮೊನ್ನೆ ಸೂಜಿ ಹಾಕಿಸಿಕೊಳ್ಳಲು ಹೋದಾಗ ನರ್ಸು ತೋಳಿಗೆ ಸ್ಪಿರಿಟ್ ಒರೆಸಿದಳು. ಆ ವಾಸನೆಗೆ ಸಿಸ್ಟರಮ್ಮ ನೆನಪಾದರು...

ತೊಂಬತ್ತರ ಸುಮಾರಿಗೆ ನಾನು ಚಿಂತಾಮಣಿ ಕಡೆಯ ಒಂದು ಸಣ್ಣ ಮಿಷನ್ ಆಸ್ಪತ್ರೆಯಲ್ಲಿ ಆಯಾ. ಸಿಸ್ಟರಮ್ಮ ಇಟಲಿಯಿಂದ ಸನ್ಯಾಸಿನಿಯಾಗಿ ಬಂದು ಅಲ್ಲೇ ಮುದುಕಿಯಾದವರು. ಕನ್ನಡ, ತೆಲುಗು ಎರಡನ್ನೂ ಕಲಸಿ ಮಾತಾಡುತ್ತಿದ್ದರು. ಸಿಸ್ಟರ್ ಆಗಲು ಇಟಲಿಗೆ ಹೊರಟಿದ್ದ ನಮ್ಮ ಕಡೆಯ ಮೂವರು ಹುಡುಗಿಯರಿಗೆ ಸಂಜೆ ವರಾಂಡದಲ್ಲಿ ಆ ಭಾಷೆ ಹೇಳಿಕೊಡುತ್ತಿದ್ದರು. ನಾನು ಪಕ್ಕದಲ್ಲೇ ಬ್ಯಾಂಡೇಜ್ ಬಟ್ಟೆ ಸುತ್ತುತ್ತಾ ಕೂರುತ್ತಿದ್ದೆ. ನನ್ನ ಓದು ರುಜು ಹಾಕುವಷ್ಟು. ಕಿವಿ ಮಾತ್ರ ಚುರುಕು.

ಪಾಠವೆಲ್ಲ ಮಗ್ಗಿಯ ಹಾಗೆ. ಅವರು ಶುರು ಮಾಡಿದರೆ ಹುಡುಗಿಯರು ಕೂಗಿ ಮುಗಿಸಬೇಕು. ಅವರ ಭಾಷೆಯಲ್ಲಿ ಹೋದದ್ದು ಗಂಡಸಾದರೆ ಆಂದಾತೊ, ಹೆಂಗಸಾದರೆ ಆಂದಾತಾ, ಹೆಂಗಸರೇ ಸೇರಿ ಹೋದರೆ ಆಂದಾತೆ. ತಿಂದದ್ದಕ್ಕೆ ಮಾತ್ರ ಯಾರು ತಿಂದರೂ ಒಂದೇ, ಮಾಂಜಾತೊ.

"ತಿಂದೋರ್ಯಾರು ಅಂತ ಯಾರು ಕೇಳ್ತಾರೆ ಬಿಡಿ, ಓಡಿಹೋದೋರ್ಯಾರು ಅಂತ ತಾನೇ ಊರೆಲ್ಲ ಕೇಳೋದು" ಅಂದೆ.

ಸಿಸ್ಟರಮ್ಮ ನಕ್ಕರು. "ಚೂಡಂಡಮ್ಮಾ, ನೋಡಿ, ಈಯಮ್ಮ ನಿಮಗಿಂತ ಬೇಗ ಕಲೀತಾಳೆ. ನೀನೂ ಹೋಗ್ತೀಯಾ ಇಟಲಿಗೆ?"

"ನಾನು ಹೋದ್ರೆ ನಿಮ್ಮ ಬೆಡ್‌ಪ್ಯಾನ್ ಯಾರು ತೊಳೀತಾರೆ ಸಿಸ್ಟರಮ್ಮ?"

ಹುಡುಗಿಯರು ಹೋದರು. ಮರುವರ್ಷ ಸಿಸ್ಟರಮ್ಮನಿಗೆ ಲಕ್ವ ಹೊಡೆಯಿತು. ಕನ್ನಡ, ತೆಲುಗು, ಇಂಗ್ಲಿಷ್ ಎಲ್ಲ ಅಳಿಸಿಹೋಗಿ ಹುಟ್ಟಿದೂರಿನ ಮಾತೊಂದೇ ಬಾಯಲ್ಲಿ ಉಳಿಯಿತು. ಉಳಿದ ಸಿಸ್ಟರುಗಳು ಕೇರಳದವರು, ಅವರಿಗೆ ಅದು ಬಾರದು. ಡಾಕ್ಟರು ನನ್ನನ್ನು ಕರೆದರು.

"ಪಾಠ ಕೇಳ್ತಾ ಕೂತಿರ್ತಿದ್ದೆಯಲ್ಲಮ್ಮ, ಏನು ಬೇಕಂತೆ ನೋಡು."

ಸಿಸ್ಟರಮ್ಮ ನನ್ನ ಸೆರಗು ಹಿಡಿದು, ವರಾಂಡದ ಕಡೆ ನೋಡುತ್ತಾ ಒಂದೇ ಮಾತನ್ನು ಮತ್ತೆ ಮತ್ತೆ ಕೇಳಿದರು. ನೀರು ಕೊಟ್ಟೆ, ಬೇಡ. ಜಪಸರ ಕೊಟ್ಟೆ, ಬೇಡ. ಕಿಟಕಿ ತೆಗೆದೆ... ಅದೂ ಅಲ್ಲ. ಮಾತಿನ ಕೊನೆಗೆ "ಆಂದಾತೆ" ಎಂದು ಬಂದದ್ದಷ್ಟೇ ನನ್ನ ಕಿವಿಗೆ ಗುರುತು ಸಿಕ್ಕಿತು. ಪಾಠ ಒಪ್ಪಿಸು ಅನ್ನುತ್ತಿದ್ದಾರೆ ಎಂದುಕೊಂಡು ಆಂದಾತೊ, ಆಂದಾತಾ, ಆಂದಾತೆ ಎಂದು ಕೂಗಿದೆ. ಅಲ್ಲವೆಂದು ತಲೆಯಾಡಿಸಿದರು. ತಪ್ಪಿದೆನೇನೋ ಎಂದು ಇನ್ನೂ ಜೋರಾಗಿ ಕೂಗಿದೆ. ಮೂರು ದಿನ ಹೀಗೇ. ಅವರು ಕೇಳಿದರು, ನಾನು ಒಪ್ಪಿಸಿದೆ. ನಾಲ್ಕನೆಯ ದಿನ ಕೇಳುವುದನ್ನು ಬಿಟ್ಟು ಗೋಡೆ ಕಡೆ ತಿರುಗಿಕೊಂಡರು. ಆಮೇಲೆ ಹೆಚ್ಚು ದಿನ ಇರಲಿಲ್ಲ.

ಎಷ್ಟೋ ವರ್ಷಕ್ಕೆ ಆ ಹುಡುಗಿಯರಲ್ಲಿ ಒಬ್ಬಳು ರಜೆಗೆ ಬಂದಳು. ಸಿಸ್ಟರಮ್ಮನ ಕೊನೆಯ ಮಾತು ಏನಾಗಿತ್ತೆಂದು ಇವಳಾದರೂ ಬಿಡಿಸಿ ಹೇಳಲಿ ಎಂದು ಬಾಯಿ ತೆರೆದೆ. ಬಂದದ್ದು ಆಂದಾತೊ, ಆಂದಾತಾ, ಆಂದಾತೆ.

"ಅಕ್ಕ, ಇದು ನಮ್ಮ ಪಾಠ ಅಲ್ವಾ? ಅವರೇನಂದ್ರು ಹೇಳು."

ಅವರಂದದ್ದು ತಲೆಯಿಂದ ಹೋಗಿಬಿಟ್ಟಿತ್ತು. ಈಗ ನನಗೂ ಅವರಷ್ಟೇ ವಯಸ್ಸು. ಎಷ್ಟು ತಡಕಿದರೂ ಸಿಗುವುದು ನಾನು ಕೂಗಿದ್ದೇ.