ಹುಡುಗರು ಕೊಟ್ಟ ಕಡಿಮೆ ಅಂಕ

ಮಿರಜಿನ ನಮ್ಮ ಸಾಫ್ಟ್‌ವೇರ್ ಆಫೀಸಿನಲ್ಲಿ ನಾನೇ ಎಲ್ಲರಿಗಿಂತ ದೊಡ್ಡವಳು. ಮಕ್ಕಳು ಕಾಲೇಜು ಸೇರಿದ ಮೇಲೆ ಕಂಪ್ಯೂಟರ್ ಕೋರ್ಸು ಮುಗಿಸಿ ಬಂದವಳು, ಅಲ್ಲಿನ ಹುಡುಗ ಹುಡುಗಿಯರಿಗೆಲ್ಲ ‘ಕಾಕು’, ಮರಾಠಿಯ ಚಿಕ್ಕಮ್ಮ. ಅವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಸೊಸೆಯಾಗಿ ಇಷ್ಟು ವರ್ಷ ಬೇರೆಯವರಿಂದ ತಪ್ಪು ಹುಡುಕಿಸಿಕೊಂಡವಳಿಗೆ ಇದು ಬಹಳ ಹಿಡಿಸಿತ್ತು.

ತೊಂದರೆ ಒಂದೇ. ನಾವು ಜೈನರು, ಹೊತ್ತು ಮುಳುಗಿದ ಮೇಲೆ ನಾನು ಉಣ್ಣುವುದಿಲ್ಲ. ಐದಕ್ಕೆ ಹುಡುಗರ ಕೆಲಸ ನನ್ನ ಕೈಗೆ ಬರುತ್ತಿತ್ತು, ತಲೆ ಎತ್ತದೆ ಅದನ್ನು ನೋಡಿ ಮುಗಿಸಿದರೆ ಐದೂವರೆಗೆ ಪುಣೆಯ ಮ್ಯಾನೇಜರ ಜೊತೆ ವಿಡಿಯೋ ಮೀಟಿಂಗು. ಬೇಸಿಗೆಯಲ್ಲಿ ಹೇಗೋ ಬೆಳಕಿರುವಾಗಲೇ ಸಾಂಗಲಿಯ ಮನೆ ಮುಟ್ಟುತ್ತಿದ್ದೆ. ದೀಪಾವಳಿ ಕಳೆದ ಮೇಲೆ ಮೀಟಿಂಗು ಮುಗಿಯುವಷ್ಟರಲ್ಲಿ ಹೊರಗೆ ಕತ್ತಲು. ಮಧ್ಯಾಹ್ನದ ಡಬ್ಬಿಯೇ ಮರುದಿನ ಬೆಳಗಿನವರೆಗೆ ಆಧಾರವಾಯಿತು. ದಿನಾ ತಲೆನೋವು. ಅತ್ತೆ ನೋಡಿ ನೋಡಿ ಅಂದರು, “ನೇಮಾ ಬಿಡು, ಇಲ್ಲಾ ಕೆಲಸಾ ಬಿಡು. ಎರಡೂ ಹಿಡಕೊಂಡು ಸೊರಗಬ್ಯಾಡ.”

ನೇಮ ಬಿಡಲು ಮನಸ್ಸಾಗಲಿಲ್ಲ. ತಿಂಗಳ ಕೊನೆಗೆ ಕೆಲಸ ಬಿಡುವುದೆಂದು ನಿರ್ಧರಿಸಿದೆ. ಆಫೀಸಿನಲ್ಲಿ ಯಾರಿಗೂ ಕಾರಣ ಹೇಳಲಿಲ್ಲ. ಈ ವಯಸ್ಸಿನಲ್ಲಿ ಕೆಲಸ ಕೊಟ್ಟವರ ಮುಂದೆ ಹಸಿವೆಯ ಮಾತು ಎತ್ತಲು ನಾಚಿಕೆ.

ಅದೇ ವಾರ ಕಂಪನಿಯವರು ಸರ್ವೆ ಮಾಡಿದರು. ಇಲ್ಲಿಯ ವಾತಾವರಣ ಹೇಗಿದೆ, ಹೆಸರು ಹಾಕದೆ ಅಂಕ ಕೊಡಿ ಎಂದು. ನಾನು ಕಣ್ಣು ಮುಚ್ಚಿ ಎಲ್ಲದಕ್ಕೂ ಪೂರ್ತಿ ಅಂಕ ಕೊಟ್ಟೆ.

ಮುಂದಿನ ಮೀಟಿಂಗಿನಲ್ಲಿ ಮ್ಯಾನೇಜರು ಹಿರಿಯರ ಅಂಕ, ಕಿರಿಯರ ಅಂಕ ಬೇರೆ ಬೇರೆ ಮಾಡಿ ತೋರಿಸಿದರು. ಹುಡುಗರೂ ಧಾರಾಳವಾಗಿಯೇ ಕೊಟ್ಟಿದ್ದರು, ಒಂದು ಪ್ರಶ್ನೆ ಬಿಟ್ಟು. ಕೆಲಸದ ವೇಳೆ ಮನೆಯ ರೀತಿ ರಿವಾಜಿಗೆ ಹೊಂದುತ್ತದೆಯೇ ಎಂಬುದಕ್ಕೆ ಎಲ್ಲರೂ ತೀರ ಕಡಿಮೆ ಕೊಟ್ಟಿದ್ದರು. ನನಗೆ ಪಿತ್ತ ನೆತ್ತಿಗೇರಿತು. ಪುಕ್ಕಟೆ ಚಹಾ ಕುಡಿದು ನಗುತ್ತ ಓಡಾಡುವ ಇವರಿಗೆ ಯಾವ ರಿವಾಜು? ಇವರನ್ನು ಮುದ್ದು ಮಾಡಿದ್ದು ಹೆಚ್ಚಾಯಿತು ಎಂದು ಮರಾಠಿಯಲ್ಲಿ ಎಲ್ಲರಿಗೂ ಕೇಳುವಂತೆ ಅಂದೇಬಿಟ್ಟೆ.

ಪಕ್ಕದಲ್ಲಿ ಆರಗ ಎಂಬ ಹಳ್ಳಿಯ ಹುಡುಗಿ ಕೂತಿದ್ದಳು. ನನ್ನೊಡನೆ ಮಾತ್ರ ಕನ್ನಡ ಆಡುವವಳು.

“ಕಾಕು, ನಮಗೇನ ತ್ರಾಸ ಇಲ್ರಿ,” ಎಂದಳು ಮೆಲ್ಲಗೆ. “ಮೀಟಿಂಗ್ ಮುಗದ ಮ್ಯಾಲ ತಿನ್ನಾಕ ಏನರ ತಂದ್ರ ನೀವು ದಿನಾ ಹೊತ್ತು ಮುಳಗೇತಿ ಅಂತೀರಿ. ಉಪಾಸ ಮನೀಗಿ ಹೋಗ್ತೀರಿ. ನೀವಂತೂ ಹೇಳಂಗಿಲ್ಲ. ಅದಕ್ಕ ನಾವೆಲ್ಲಾ ಕೂಡಿ ಹಂಗ ಬರದೀವಿ.”

ಪರದೆಯೊಳಗಿನ ಮ್ಯಾನೇಜರಿಗೆ ಕನ್ನಡ ತಿಳಿಯದು. ಏನಾಯಿತು ಎಂದು ಕೇಳಿದರು. ಹುಡುಗರೆಲ್ಲ ನನ್ನ ಕಡೆ ತಿರುಗಿದರು. ಹೊಟ್ಟೆಯಲ್ಲಿ ಹುಟ್ಟಿದವರಿಗೂ ತಿಳಿಯದ ಸಂಕಟ ಇವರಿಗೆ ತಿಳಿದಿತ್ತು.

“ಸರ್, ನನಗೆ ಸಂಜೆ ಹಸಿವಾಗುತ್ತದೆ,” ಎಂದು ಮರಾಠಿಯಲ್ಲಿ ಹೇಳಿ, ಕಾರಣವನ್ನೂ ಹೇಳಿದೆ.

ಅವರು ಮೀಟಿಂಗನ್ನು ಮೂರಕ್ಕೆ ಇಡೋಣವೇ ಎಂದರು. ನಾನು ಉತ್ತರಿಸುವ ಮೊದಲೇ ಹುಡುಗರು ಹೂಂ ಅಂದರು.

ಕೆಲಸ ಬಿಡುವ ಮಾತು ಅಲ್ಲಿಗೇ ಮುಗಿಯಿತು. ಈಗ ಐದಕ್ಕೆ ಬಸ್ಸು ಹತ್ತಿ, ಬೆಳಕಿರುವಾಗಲೇ ಅತ್ತೆಯ ಜೊತೆ ಕೂತು ಉಣ್ಣುತ್ತೇನೆ. ಮೂರರೊಳಗೆ ಕೆಲಸ ಮುಗಿಸಿ ಕೊಡಬೇಕಲ್ಲ, ಅದಕ್ಕಾಗಿ ಆರಗ, ಲಿಂಗನೂರು, ಕವಲಾಪುರದ ಆ ಮಕ್ಕಳು ಈ ಚಳಿಯಲ್ಲಿ ನಸುಕಿಗೇ ಎದ್ದು ಮೊದಲ ಬಸ್ಸು ಹಿಡಿಯುತ್ತಾರೆ. ಅವರಲ್ಲಿ ಒಬ್ಬರೂ ಜೈನರಲ್ಲ.