ಬೋಡಿಲ್ ಅವರ ಹೆಬ್ಬೆರಳು

ಸ್ವೆಂಡ್‌ಬೋರ್ಗ್ ಬಂದರಿನ ನಮ್ಮ ವರ್ಕ್‌ಶಾಪಿನಲ್ಲಿ ಹಡಗಿನ ಪ್ರೊಪೆಲರ್‌ಗಳಿಗೆ ಕೊನೆಯ ಕೈ ಹಾಕುವವರು ಬೋಡಿಲ್. ಮೂವತ್ತೊಂದು ವರ್ಷಗಳಿಂದ ಅದೇ ಕೆಲಸ. ಕಂಚಿನ ಅಲಗುಗಳ ಅಂಚನ್ನು ಅರದಿಂದ ಉಜ್ಜಿ, ಕಣ್ಣು ಮುಚ್ಚಿ, ಹೆಬ್ಬೆರಳು ಆಡಿಸುತ್ತಾರೆ. ಬೆರಳು ಎಲ್ಲಿಯೂ ತಡೆಯದೆ ಜಾರಿದರೆ ಮಾತ್ರ ಕೆಲಸ ಮುಗಿದಂತೆ. ಅವರು ಮುಗಿಸಿದ ಒಂದೂ ಪ್ರೊಪೆಲರ್ ಅದುವರೆಗೆ ವಾಪಸು ಬಂದಿರಲಿಲ್ಲ.

ಕಳೆದ ಮೇ ತಿಂಗಳಲ್ಲಿ ಒಂದು ಬಂತು, ಫೆರ್ರಿಯ ಸಮೇತ.

ದ್ವೀಪಕ್ಕೆ ಓಡಾಡುವ ಆ ಫೆರ್ರಿಯನ್ನು ದಡಕ್ಕೆ ಎಳೆಸಿ, ಕ್ಯಾಪ್ಟನ್ ಪ್ರೇಬೆನ್ ಬಾಗಿಲಲ್ಲೇ ಶುರು ಮಾಡಿದರು.

"ಬೋಡಿಲ್, ನಿನ್ನ ಹೊಸ ಪ್ರೊಪೆಲರ್ ಹಾಡ್ತಿದೆ ಮಾರಾಯ್ತಿ! ಹೋಗ್ತಾ ಬರ್ತಾ ಒಂದೇ ಸ್ವರ. ಕ್ಯಾಂಟೀನಿನ ಕಪ್ಪುಗಳೆಲ್ಲ ಕುಣೀತಾವೆ."

"ಕಪ್ಪಿನ ಕೆಳಗೆ ಟವಲ್ ಹಾಸು."

"ಹಾಸಿದೀವಿ. ಕಪ್ಪು ಸುಮ್ನಾದ್ವು, ಜನ ಸುಮ್ನಾಗ್ಲಿಲ್ಲ. ಸೋಮವಾರದೊಳಗೆ ನಿಲ್ಲಿಸ್ತೀಯೋ, ಬೇರೆ ಕಡೆಯಿಂದ ತರಿಸ್ಲೋ?"

ಬೋಡಿಲ್ ಫೆರ್ರಿಯ ಅಡಿಗೆ ಹೋಗಿ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಬೆಣ್ಣೆಯಂತೆ ಜಾರಿತು. ಕೈಯಲ್ಲಿದ್ದ ಕಾಫಿ ಆರಿಹೋಗುವವರೆಗೂ ಅಲ್ಲೇ ಕೂತರು. ಆಮೇಲೆ ಜೋರಾಗಿ ನಕ್ಕರು.

"ಅಯ್ಯೋ, ಅತಿ ಚೆನ್ನಾಗಿ ಮಾಡ್ಬಿಟ್ಟಿದೀನಿ!"

ಅಲಗು ರೆಕ್ಕೆಯ ಆಕಾರದ್ದು. ನೀರು ಅದರ ಎರಡೂ ಮೈ ಸವರಿ ಹಿಂದಿನ ಅಂಚಿನಲ್ಲಿ ಬಿಟ್ಟುಹೋಗುತ್ತದೆ. ಅಂಚು ದುಂಡಗಿದ್ದರೆ ಎಲ್ಲಿ ಬಿಡಬೇಕೆಂದು ನೀರಿಗೆ ತೋಚುವುದಿಲ್ಲ. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಸುಳಿ ಕಟ್ಟಿ ತಳ್ಳುತ್ತದೆ. ಈ ಸಲದ ಅಲಗುಗಳು ಎಂದಿಗಿಂತ ತೆಳು. ತಳ್ಳಾಟದ ಲಯ ಅವುಗಳ ಸ್ವಂತ ನಡುಕಕ್ಕೆ ಹೊಂದಿಕೊಂಡಿತ್ತು, ಹಾಗಾಗಿ ಅಲಗುಗಳು ಗಂಟೆಯಂತೆ ಮೊಳಗುತ್ತಿದ್ದವು. ಒಂದು ಮೈಯನ್ನು ಓರೆಯಾಗಿ ಕತ್ತರಿಸಿ ಚೂಪಾದ ಮೂಲೆ ಉಳಿಸಿದರೆ ನೀರು ಪ್ರತಿ ಸಲವೂ ಅಲ್ಲಿಯೇ ಬಿಟ್ಟುಹೋಗುತ್ತದೆ, ಹಾಡು ನಿಲ್ಲುತ್ತದೆ.

ಗೊತ್ತಿದ್ದರೂ ಮಾಡುವುದು ಸುಲಭವಾಗಿರಲಿಲ್ಲ. ಮೂಲೆ ಮೂಡಿದಾಗಲೆಲ್ಲ ಅವರ ಬಲಗೈ ಅದನ್ನು ನಯ ಮಾಡಲು ಹೊರಡುತ್ತಿತ್ತು. "ಬಿಡೇ, ಸಾಕು ನಿನ್ನ ಜಾಣತನ" ಎಂದು ಕೈಯನ್ನೇ ಗದರುತ್ತಿದ್ದರು. ನಾಲ್ಕು ಅಲಗಿಗೆ ಮೂರು ದಿನ ಹಿಡಿಯಿತು. ಕೊನೆಗೆ ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿದರು. ಚುರುಕ್ ಎಂದಿತು, ರಕ್ತ ಬಂತು.

"ಸರಿಯಾಗಿದೆ" ಎಂದು ಬೆರಳನ್ನು ಬಾಯಿಗಿಟ್ಟುಕೊಂಡರು.

ಸೋಮವಾರ ಬೋಡಿಲ್ ಬೆರಳಿಗೆ ಪಟ್ಟಿ ಸುತ್ತಿಕೊಂಡು ಫೆರ್ರಿಯ ಕ್ಯಾಂಟೀನಿನಲ್ಲಿ ಕೂತರು. ರೈ ಬ್ರೆಡ್ಡು ಎದುರಿಗಿತ್ತು, ತಿನ್ನಲಿಲ್ಲ. ಕಡಲಿನ ನಡುವೆ ವೇಗ ಏರಿತು. ಪ್ರೇಬೆನ್ ಓಡಿ ಬಂದರು.

"ಸದ್ದೇ ಇಲ್ಲ, ಇಂಜಿನ್ ಕೆಟ್ಟಿದ್ಯಾ ಅಂತ ಮೂರು ಜನ ಕೇಳಿದ್ರು ಕಣೇ!"

ಕ್ಯಾಂಟೀನಿನ ಲಿಸ್ಬೆತ್ ಕಪ್ಪುಗಳ ಕೆಳಗಿನ ಟವಲನ್ನು ಮೆಲ್ಲಗೆ ಎಳೆದುಕೊಂಡಳು. ಒಂದು ಕಪ್ಪೂ ಅಲುಗಲಿಲ್ಲ. ಬೋಡಿಲ್ ಬ್ರೆಡ್ಡಿಗೆ ಕೈ ಹಾಕಿದರು.